ಕವಿಶಿಷ್ಯ ಪಂಜೆ ಮಂಗೇಶರಾಯರು

ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರಲ್ಲಿ ನಾಗರಹಾವಿನ ಪದ್ಯವನ್ನು ಬಾಯಿಪಾಠ ಮಾಡದವರು ವಿರಳ. ಸೂರ್ಯೋದಯವನ್ನು ಬಣ್ಣಿಸುವ ‘ಉದಯರಾಗ’ವನ್ನು ಸಾಲಾಗಿ ನಿಂತು ಹಾಡಿದ ಮಕ್ಕಳು ಹಲವು ತಲೆಮಾರುಗಳವರು. ಆದರೆ ಈ ಪದ್ಯಗಳನ್ನು ರಚಿಸಿದವರು ಯಾರೆಂದು ಕೇಳಿದರೆ ಥಟ್ಟನೆ ಉತ್ತರಿಸಬಲ್ಲವರು ಅಷ್ಟು ಮಂದಿ ಇಲ್ಲ. ಕರ್ತೃವಿನ ಹೆಸರು ಹಿಂದೆ ಸರಿದು ಕೃತಿಯೇ ಜನರ ನಾಲಗೆಯ ಮೇಲೆ ನೆಲೆಸುವ ಭಾಗ್ಯ ಸಾಮಾನ್ಯವಾಗಿ ಜನಪದ ಕವಿಗಳಿಗೆ ಮೀಸಲಾದುದು. ಆಧುನಿಕ ಕನ್ನಡದಲ್ಲಿ ಆ ಭಾಗ್ಯವನ್ನು ಪಡೆದ ಕೆಲವೇ ಮಹನೀಯರಲ್ಲಿ ಪಂಜೆ ಮಂಗೇಶರಾಯರು ಅಗ್ರಗಣ್ಯರು. ತಮ್ಮನ್ನು ಕವಿಯೆಂದು ಕರೆದುಕೊಳ್ಳಲು ಸಂಕೋಚಪಟ್ಟು ‘ಕವಿಶಿಷ್ಯ’ನೆಂಬ ಅಂಕಿತವನ್ನಿಟ್ಟುಕೊಂಡ ಈ ಶಿಕ್ಷಕರು ಕನ್ನಡದ ಮಕ್ಕಳಿಗೆ ಅದ್ಭುತದ ಲೋಕವೊಂದನ್ನು ತೆರೆದರು. ಮಾತನಾಡುವ ಪ್ರಾಣಿಗಳು, ಕುಣಿಯುವ ಇಲಿಗಳು, ಮೆಣಸಿನ ಕಾಳಿನಷ್ಟು ಪುಟ್ಟ ಪೋರ—ಇವರೆಲ್ಲ ಅವರ ಕೈಹಿಡಿದು ನಮ್ಮ ಶಾಲೆಯ ಹೊಸ್ತಿಲು ದಾಟಿ ಬಂದವರು. ಕಲಿಕೆಯ ಬಾಗಿಲು ಸಂತೋಷವೆಂಬ ಮಾತನ್ನು ಅವರು ಭಾಷಣದಲ್ಲಿ ಸಾರಲಿಲ್ಲ. ಜೀವಮಾನದ ದುಡಿಮೆಯಿಂದ ಸಾಧಿಸಿ ತೋರಿಸಿದರು.

ಜನನ ಮತ್ತು ಬಾಲ್ಯ

ಮಂಗೇಶರಾಯರು ೧೮೭೪ನೆಯ ಇಸವಿ ಫೆಬ್ರುವರಿ ೨೨ರಂದು ನೇತ್ರಾವತಿಯ ದಡದ ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸು ಆಧಿಪತ್ಯಕ್ಕೆ ಸೇರಿತ್ತು. ಘಟ್ಟದಿಂದ ಇಳಿದು ಬಂದ ಸರಕು ದೋಣಿಯನ್ನೇರಿ ಮಂಗಳೂರಿನ ಕಡೆಗೆ ಸಾಗುತ್ತಿದ್ದ ಕಾಲದಲ್ಲಿ ಬಂಟ್ವಾಳವು ವ್ಯಾಪಾರದ ಊರು. ಪೇಟೆಯಲ್ಲಿ ನಾಲ್ಕಾರು ಭಾಷೆಗಳು ಕಿವಿಗೆ ಬೀಳುತ್ತಿದ್ದುವು. ಸಾರಸ್ವತ ಮನೆತನದ ಆ ಬಾಲಕನಿಗೆ ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಮುಂದೆ ಓದು ಮೇಲಕ್ಕೇರಿದಂತೆ ಇಂಗ್ಲಿಷೂ ಬಂದು ಸೇರಿತು.

ಈ ಸಂಗತಿ ಅವರ ಜೀವನವನ್ನು ಅರಿಯುವವರಿಗೆ ಬಹು ಮುಖ್ಯವಾದುದು. ಕನ್ನಡವನ್ನು ತಾಯ ಹಾಲಿನೊಡನೆ ಪಡೆಯದೆ, ಶಾಲೆಯ ಮಣೆಯ ಮೇಲೆ ಕುಳಿತು ಕಲಿತವರು ಅವರು. ಹೊಸ ಭಾಷೆಯ ಮುಂದೆ ನಿಂತ ಮಗುವಿನ ಅಳುಕು, ಮೊದಲ ಬಾರಿಗೆ ಒಂದು ಪದ ಕೈವಶವಾದಾಗ ಆಗುವ ಹಿಗ್ಗು, ಅರ್ಥ ತಿಳಿಯುವ ಮುನ್ನವೇ ನಾದಕ್ಕೆ ಮನಸೋಲುವ ಪರಿ ಇವೆಲ್ಲ ಅವರಿಗೆ ಸ್ವಾನುಭವದಿಂದ ಬಂದ ಅರಿವಾಗಿದ್ದುವು. ಮುಂದೆ ಅವರು ಮಕ್ಕಳಿಗಾಗಿ ಬರೆದ ಪ್ರತಿಯೊಂದು ಸಾಲಿನಲ್ಲಿಯೂ ಕಿವಿಗೆ ಇಂಪಾಗುವ ಮಾತು ಮೊದಲು, ಬುದ್ಧಿಗೆ ಎಟಕುವ ಅರ್ಥ ಅದರ ಬೆನ್ನಿಗೆ ಬರುವುದಕ್ಕೆ ಇದೇ ಕಾರಣವಿರಬೇಕು.

ಮನೆಯ ಸ್ಥಿತಿ ಅನುಕೂಲವಾಗಿರಲಿಲ್ಲ. ಬಂಟ್ವಾಳದಲ್ಲಿ ಆರಂಭವಾದ ಓದು ಮಂಗಳೂರಿನಲ್ಲಿ ಮುಂದುವರಿಯಿತು. ಸಂಸಾರದ ಭಾರವನ್ನು ಎಳೆಯ ಹೆಗಲ ಮೇಲೆ ಹೊತ್ತುಕೊಂಡೇ ಅವರು ಕಾಲೇಜಿನ ಮೆಟ್ಟಿಲು ಹತ್ತಿದರು. ನಡುವೆ ಉದ್ಯೋಗಕ್ಕೆ ಸೇರಿ, ಉದ್ಯೋಗದಲ್ಲಿದ್ದುಕೊಂಡೇ ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಸಂಪಾದಿಸಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಆರಂಭವಾದ ಅವರ ವೃತ್ತಿಜೀವನ ವಿದ್ಯಾಖಾತೆಯ ಹಲವು ಹುದ್ದೆಗಳಲ್ಲಿ ಮುಂದುವರಿಯಿತು. ಬಡತನವನ್ನು ಕಂಡುಂಡವರಾದರೂ ಅವರ ಬರಹದಲ್ಲಿ ಕಹಿಯ ಲೇಶವೂ ಕಾಣದಿರುವುದು ಗಮನಾರ್ಹ.

‘ಸುವಾಸಿನಿ’ಯ ದಿನಗಳು

೧೯೦೦ನೆಯ ಇಸವಿಯಲ್ಲಿ ಮಂಗಳೂರಿನಿಂದ ‘ಸುವಾಸಿನಿ’ ಎಂಬ ಮಾಸಪತ್ರಿಕೆ ಹೊರಡತೊಡಗಿತು. ಅದರ ಸಂಪಾದಕರು ಬೆನಗಲ್ ರಾಮರಾಯರು. ಹಳಗನ್ನಡ ಕಾವ್ಯಗಳ ಪರಂಪರೆಯೂ ಇಂಗ್ಲಿಷ್ ಸಾಹಿತ್ಯದ ಹೊಸ ಗಾಳಿಯೂ ಒಂದೆಡೆ ಕೂಡಿದ ಆ ಪತ್ರಿಕೆಯ ಪುಟಗಳಲ್ಲಿ ಮಂಗೇಶರಾಯರ ಲೇಖನಿ ಪಳಗಿತು. ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’ ಮೊದಲಾದ ಗದ್ಯ ಬರಹಗಳು ಅಲ್ಲಿ ಬೆಳಕು ಕಂಡುವು. ಮನೆಯೊಳಗಿನ ಮನುಷ್ಯರನ್ನು, ಅವರ ಸಣ್ಣತನ ದೊಡ್ಡತನಗಳನ್ನು ನಗುನಗುತ್ತ ಚಿತ್ರಿಸಿದ ಆ ಬರಹಗಳಲ್ಲಿ ಕನ್ನಡ ಸಣ್ಣಕತೆಯ ಮೊಳಕೆಯನ್ನು ಅನೇಕ ವಿಮರ್ಶಕರು ಗುರುತಿಸಿದ್ದಾರೆ. ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ ಪ್ರಕಟವಾದುದು ೧೯೨೦ರಲ್ಲಿ. ಅದಕ್ಕೆ ಎರಡು ದಶಕಗಳಷ್ಟು ಮುಂಚೆಯೇ ಪಂಜೆಯವರು ಆ ದಾರಿಯಲ್ಲಿ ಹೆಜ್ಜೆ ಇಟ್ಟಿದ್ದರು.

ಬರೆದುದಕ್ಕೆ ಅವರು ಬಳಸಿದ ಹೆಸರುಗಳೂ ಸ್ವಾರಸ್ಯವಾಗಿವೆ. ಪದ್ಯಕ್ಕೆ ‘ಕವಿಶಿಷ್ಯ’, ಹಾಸ್ಯ ಪ್ರಬಂಧಕ್ಕೆ ‘ಹರಟೆಮಲ್ಲ’, ಮತ್ತೊಮ್ಮೆ ಬರಿಯ ‘ರಾ. ಮ. ಪಂ.’. ನಿಜನಾಮವನ್ನು ಮುಂದೊಡ್ಡಿ ಕೀರ್ತಿಯನ್ನು ಅರಸುವ ಗೋಜಿಗೆ ಅವರು ಹೋಗಲಿಲ್ಲ.

ಪಾಂಡಿತ್ಯದಲ್ಲಿ ಅವರು ಯಾರಿಗೂ ಕಡಮೆಯಾಗಿರಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸುವ ಹೊಣೆಯನ್ನು ಬಾಸೆಲ್ ಮಿಶನ್ ಪ್ರಕಾಶಕರು ಅವರಿಗೆ ವಹಿಸಿದ್ದು ಅದಕ್ಕೆ ಸಾಕ್ಷಿ. ಕಿಟ್ಟೆಲರ ಕೈಯಾಡಿದ ಗ್ರಂಥವನ್ನು ಮತ್ತೆ ತಿದ್ದಿ ಹೊರತರುವುದು ಸಾಮಾನ್ಯರಿಗೆ ಒಪ್ಪಿಸುವ ಕೆಲಸವಲ್ಲ. ಇಂಥ ವಿದ್ವತ್ತುಳ್ಳವರು ಅಂದಿನ ರೂಢಿಯಂತೆ ದೊಡ್ಡ ಕಾವ್ಯವನ್ನೋ ವ್ಯಾಕರಣವನ್ನೋ ಬರೆದು ಪಂಡಿತಮಂಡಲಿಯ ಮನ್ನಣೆಯನ್ನು ಗಳಿಸಬಹುದಾಗಿತ್ತು. ಹಾಗೆ ಮಾಡದೆ, ತಮ್ಮ ಭಾಷಾಜ್ಞಾನವನ್ನೆಲ್ಲ ಆರೇಳು ವಯಸ್ಸಿನ ಮಗುವಿನ ಎತ್ತರಕ್ಕೆ ಬಾಗಿಸಿದುದೇ ಪಂಜೆಯವರ ಜೀವನದ ಹಿರಿಮೆ. ಮಕ್ಕಳಿಗಾಗಿ ಬರೆಯುವುದು ದ್ವಿತೀಯ ದರ್ಜೆಯ ಕೆಲಸವೆಂದು ಭಾವಿಸುತ್ತಿದ್ದ ಕಾಲದಲ್ಲಿ ಅದು ತ್ಯಾಗವೇ ಸರಿ.

ಪಾಠದ ಪುಸ್ತಕ, ಪದ್ಯದ ಪುಸ್ತಕ

ಆ ಕಾಲದ ಶಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಕಲಿಕೆಯೆಂದರೆ ಬಾಯಿಪಾಠ, ಶಿಸ್ತೆಂದರೆ ಬೆತ್ತ. ಪಠ್ಯಪುಸ್ತಕದ ಪದ್ಯಗಳಲ್ಲಿ ಬಹುಪಾಲು ನೀತಿಬೋಧೆಗೆಂದೋ ಛಂದಸ್ಸಿನ ಅಭ್ಯಾಸಕ್ಕೆಂದೋ ಆಯ್ದವು. ಹಳಗನ್ನಡದ ಕಠಿಣ ಪದಗಳ ಅರ್ಥವನ್ನು ಉರುಹಚ್ಚಿ ಒಪ್ಪಿಸುವುದರಲ್ಲೇ ಮಗುವಿನ ಶಕ್ತಿ ವ್ಯಯವಾಗುತ್ತಿತ್ತು. ಮಗುವಿಗೂ ಒಂದು ಮನಸ್ಸಿದೆ, ಅದಕ್ಕೂ ನಗು, ಭಯ, ಬೆರಗು, ಕುತೂಹಲಗಳುಂಟು ಎಂಬ ವಿಚಾರವನ್ನು ಪುಸ್ತಕ ರಚಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದು ಅಪರೂಪ.

ವಿದ್ಯಾಖಾತೆಯ ತಪಾಸಣಾಧಿಕಾರಿಯಾಗಿಯೂ ಶಿಕ್ಷಕರ ಶಿಕ್ಷಕರಾಗಿಯೂ ದುಡಿದ ಮಂಗೇಶರಾಯರಿಗೆ ಹಳ್ಳಿ ಪಟ್ಟಣಗಳ ಶಾಲೆಗಳನ್ನು ಹತ್ತಿರದಿಂದ ಕಾಣುವ ಅವಕಾಶ ದೊರೆಯಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದಲೂ ಕನ್ನಡ ಶಾಲಾ ಪುಸ್ತಕಗಳನ್ನು ಅಚ್ಚುಹಾಕುತ್ತ ಬಂದಿತ್ತು. ಆ ಸಂಸ್ಥೆಗಾಗಿ ಪಂಜೆಯವರು ಸಿದ್ಧಪಡಿಸಿದ ಪದ್ಯ ಪುಸ್ತಕಗಳು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಹೊರಬರತೊಡಗಿದುವು. ಪ್ರಾಚೀನ ಕವಿಗಳಿಂದ ಆಯ್ದ ಭಾಗಗಳ ಜೊತೆಗೆ ತಾವೇ ಬರೆದ ಹೊಸ ಬಗೆಯ ಪದ್ಯಗಳನ್ನೂ ಅವರು ಅಲ್ಲಿ ಸೇರಿಸಿದರು. ಆ ಪದ್ಯಗಳು ಮಕ್ಕಳ ಬಾಯಿಗೆ ಬಿದ್ದ ಮೇಲೆ ಕನ್ನಡ ಪದ್ಯಪಾಠದ ಸ್ವರೂಪವೇ ಬದಲಾಯಿತು.

ನಾಗರಹಾವಿನ ಪದ್ಯವನ್ನೇ ತೆಗೆದುಕೊಳ್ಳಬಹುದು. ಹಾವನ್ನು ಕಂಡ ಮಗುವಿನ ಮನಸ್ಸಿನಲ್ಲಿ ಏಕಕಾಲಕ್ಕೆ ಏಳುವ ಎರಡು ಭಾವಗಳು, ಅದರ ಚೆಲುವನ್ನು ಕಂಡು ಹತ್ತಿರ ಕರೆಯುವ ಆಸೆ ಮತ್ತು ಅದರ ವಿಷವನ್ನು ನೆನೆದು ದೂರ ಕಳಿಸುವ ಅಂಜಿಕೆ, ಆ ಕೆಲವೇ ಸಾಲುಗಳಲ್ಲಿ ಅಡಕವಾಗಿವೆ. ಅಲ್ಲಿ ನೀತಿಯ ಮಾತಿಲ್ಲ. ಆದರೆ ಜೀವಿಯೊಂದರ ಎದುರು ಕೈಮುಗಿದು ನಿಲ್ಲುವ ವಿನಯವನ್ನು ಮಗು ತಾನಾಗಿಯೇ ಕಲಿಯುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಕಡಲ ಕಡೆಯಿಂದ ಬೀಸಿ ಬರುವ ಗಾಳಿಯ ರಭಸ ಶಬ್ದಗಳ ರಭಸವೇ ಆಗಿಬಿಡುತ್ತದೆ. ಪದ್ಯವನ್ನು ಗಟ್ಟಿಯಾಗಿ ಓದಿದ ಮಗುವಿಗೆ ಗಾಳಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಕಡಲನ್ನೇ ಕಾಣದ ಬಯಲುನಾಡಿನ ಮಕ್ಕಳೂ ಆ ಪದ್ಯವನ್ನು ಹಾಡುತ್ತ ಮೈಮರೆತರೆಂದರೆ ಅದರ ನಾದದ ಶಕ್ತಿ ಎಂಥದೆಂಬುದು ವೇದ್ಯವಾಗುತ್ತದೆ.

ಅದ್ಭುತದ ಲೋಕ

ಪದ್ಯಗಳಷ್ಟೇ ಮಹತ್ತ್ವದವು ಅವರ ಕಥೆಗಳು. ಕಟ್ಟುಕಥೆಗಳಿಂದ ಮಕ್ಕಳು ಕೆಡುತ್ತಾರೆಂಬ ಶಂಕೆ ಎಲ್ಲ ದೇಶಗಳ ಹಿರಿಯರಲ್ಲಿಯೂ ಒಂದಿಲ್ಲೊಂದು ಕಾಲಕ್ಕೆ ತಲೆದೋರಿದೆ. ಇಲ್ಲದ ಪ್ರಾಣಿ, ಆಗದ ಹೋಗದ ಸಂಗತಿ ಇವುಗಳಿಂದ ಏನು ಪ್ರಯೋಜನವೆಂದು ಕೇಳುವವರು ಇಂದಿಗೂ ಇದ್ದಾರೆ. ಆದರೂ ಜರ್ಮನಿಯ ಗ್ರಿಮ್ ಸೋದರರು ೧೮೧೨ರಲ್ಲಿ ತಮ್ಮ ನಾಡಿನ ಅಜ್ಜಿಕಥೆಗಳನ್ನು ಅಚ್ಚು ಹಾಕಿಸಿದರು. ಡೆನ್ಮಾರ್ಕಿನ ಆಂಡರ್ಸನ್ ೧೮೩೫ರಿಂದ ಮಕ್ಕಳಿಗಾಗಿ ಹೊಸ ಕಿನ್ನರಕಥೆಗಳನ್ನು ಹೆಣೆದನು. ಇಂಗ್ಲೆಂಡಿನ ಗಣಿತಶಾಸ್ತ್ರಜ್ಞ ಲೂಯಿ ಕ್ಯಾರಲ್ ೧೮೬೫ರಲ್ಲಿ ಆಲಿಸ್ ಎಂಬ ಬಾಲೆಯನ್ನು ಮೊಲದ ಬಿಲದೊಳಗೆ ಇಳಿಸಿ ವಿಚಿತ್ರಲೋಕವೊಂದನ್ನು ಸೃಷ್ಟಿಸಿದನು. ಭರತಖಂಡಕ್ಕೆ ಇದು ಹೊಸದೇನೂ ಆಗಿರಲಿಲ್ಲ. ಮಾತನಾಡುವ ಪ್ರಾಣಿಗಳಿಂದ ರಾಜಪುತ್ರರಿಗೆ ಪಾಠ ಹೇಳಿಸಿದ ಪಂಚತಂತ್ರದ ನಾಡು ಇದು; ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಅದನ್ನು ಕನ್ನಡಕ್ಕೆ ತಂದಿದ್ದನು. ಆದರೆ ಅದು ಪ್ರೌಢ ಚಂಪೂ ಶೈಲಿಯ ಗ್ರಂಥ. ಆಡುಮಾತಿನ ಸೊಗಸಿನಲ್ಲಿ, ಮಗು ತಾನೇ ಓದಿ ನಲಿಯಬಹುದಾದ ಕಥೆಗಳ ಕೊರತೆ ಇಪ್ಪತ್ತನೆಯ ಶತಮಾನದ ಆರಂಭದ ಕನ್ನಡದಲ್ಲಿ ಬಹಳವಾಗಿತ್ತು.

ಆ ಕೊರತೆಯನ್ನು ತುಂಬಲು ಪಂಜೆಯವರು ಎರಡು ಕಣಜಗಳಿಗೆ ಕೈಹಾಕಿದರು. ಒಂದು ಇಂಗ್ಲಿಷಿನ ಮೂಲಕ ಬಂದ ಪಾಶ್ಚಾತ್ಯ ಮಕ್ಕಳ ಕಥೆಗಳದು. ಇನ್ನೊಂದು ತಮ್ಮ ಸುತ್ತಮುತ್ತಲಿನ ತುಳು, ಕೊಂಕಣಿ, ಕನ್ನಡ ಜನರ ಅಜ್ಜಿಕಥೆ ಮತ್ತು ಪಾಡ್ದನಗಳದು. ಎರಡರಿಂದಲೂ ಕಾಳನ್ನು ತಂದು ಒಂದೇ ಒರಳಿನಲ್ಲಿ ಕುಟ್ಟಿ, ಒಂದೇ ಒಲೆಯ ಮೇಲೆ ಬೇಯಿಸಿ, ಕನ್ನಡದ ಎಲೆಯ ಮೇಲೆ ಬಡಿಸಿದರು. ಉಂಡವರಿಗೆ ಯಾವ ಕಾಳು ಯಾವ ಹೊಲದ್ದೆಂದು ಕೇಳುವ ನೆನಪೇ ಬರಲಿಲ್ಲ.

ಬ್ರೌನಿಂಗ್ ಕವಿ ೧೮೪೨ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕವನವು ಇಲಿಗಳ ಹಾವಳಿಯಿಂದ ನೊಂದ ಜರ್ಮನ್ ಪಟ್ಟಣವೊಂದರ ದಂತಕಥೆ. ಆ ಇಲಿಗಳು ಪಂಜೆಯವರಲ್ಲಿಗೆ ಬಂದಾಗ ಅವುಗಳ ಕಥೆಗೆ ‘ಇಲಿಗಳ ಥಕ ಥೈ’ ಎಂಬ ಹೆಸರು ಬಂದಿತು. ಥಕ ಥೈ ಎನ್ನುವುದು ಕುಣಿತದ ಬೋಲು. ಇರುಳಿಡೀ ಬಯಲಾಟ ನೋಡುವ ನಾಡಿನ ಮಗುವಿಗೆ ಚಿರಪರಿಚಿತವಾದ ಸದ್ದು. ಆ ಒಂದು ಹೆಸರಿನಿಂದಲೇ ಪರದೇಶದ ಇಲಿಗಳು ನಮ್ಮೂರ ರಂಗಸ್ಥಳಕ್ಕೆ ಇಳಿದುವು. ಇಂಗ್ಲಿಷ್ ಕಥೆಗಳಲ್ಲಿ ಹೆಬ್ಬೆರಳಿನಷ್ಟು ಹುಡುಗನೊಬ್ಬನಿದ್ದಾನೆ. ಅವನ ಬಳಗಕ್ಕೆ ಸೇರಿದ ಪಂಜೆಯವರ ನಾಯಕ ‘ಮೆಣಸಿನ ಕಾಳಪ್ಪ’. ಕರಿಮೆಣಸು ಬೆಳೆಯುವ ಸೀಮೆಯ ಮಗುವಿಗೆ ಅಳತೆಯ ಕಲ್ಪನೆ ಕ್ಷಣಮಾತ್ರದಲ್ಲಿ ಬರುತ್ತದೆ. ಕಾಳಿಗೆ ಅಪ್ಪನೆಂಬ ಗೌರವವನ್ನು ಸೇರಿಸಿದೊಡನೆ ನಗುವೂ ಬರುತ್ತದೆ. ಗಾತ್ರದಲ್ಲಿ ಕಿರಿದಾದರೂ ಕಾರದಲ್ಲಿ ಕಿರಿದಲ್ಲದ ಆ ಹೆಸರಿನೊಳಗೆ ಇಡೀ ಕಥೆಯ ತಿರುಳಿದೆ.

‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದು ಸರಪಳಿಯ ಕಥೆ. ಒಣಹಾಕಿದ ಸಿಗಡಿ ಒಣಗಲಿಲ್ಲವೇಕೆಂದು ಆರಂಭವಾದ ವಿಚಾರಣೆಯಲ್ಲಿ ಪ್ರತಿಯೊಬ್ಬರೂ ತಪ್ಪನ್ನು ಮುಂದಿನವರ ಮೇಲೆ ಹೊರಿಸುತ್ತ ಹೋಗುತ್ತಾರೆ. ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಕಥೆಯಲ್ಲಿ ಒಂದು ಕ್ಷುದ್ರಜೀವಿಯ ಸಾವಿನ ಶೋಕ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಮೇಲ್ನೋಟಕ್ಕೆ ಇವು ವಿನೋದಗಳು. ಆದರೆ ಇಂಥ ಕಥೆಯನ್ನು ತಪ್ಪಿಲ್ಲದೆ ಹೇಳಬೇಕಾದರೆ ಮಗು ಕಾರ್ಯಕಾರಣಗಳ ಸರಣಿಯನ್ನು ನೆನಪಿನಲ್ಲಿಡಬೇಕು. ಒಂದು ಕೊಂಡಿ ತಪ್ಪಿದರೆ ಕಥೆ ಮುಂದೆ ಸಾಗದು. ತರ್ಕದ ಮೊದಲ ಪಾಠ, ಸ್ಮರಣೆಯ ಮೊದಲ ಪಾಠ, ಹೊಣೆಗಾರಿಕೆಯ ಮೊದಲ ಪಾಠ ಇವೆಲ್ಲ ನಗುವಿನ ಹೊದಿಕೆಯೊಳಗೆ ಸಂದುವು. ಸಿಗಡಿ, ಹೇನು, ಕಾಗೆಗಳಂಥ ದಿನಬಳಕೆಯ ವಸ್ತುಗಳನ್ನು ಸಾಹಿತ್ಯಕ್ಕೆ ಯೋಗ್ಯವೆಂದು ಭಾವಿಸಿದ ಧೈರ್ಯವನ್ನೂ ಇಲ್ಲಿ ಮೆಚ್ಚಬೇಕು.

ತುಳುನಾಡಿನ ಪಾಡ್ದನಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಅವಳಿ ವೀರರ ಚರಿತ್ರೆಯನ್ನು ಅವರು ‘ಕೋಟಿ ಚೆನ್ನಯ’ ಎಂಬ ಹೆಸರಿನಲ್ಲಿ ಕನ್ನಡ ಗದ್ಯಕ್ಕೆ ತಂದರು. ಪಾಡ್ದನದ ಹಾಡುಗಾರರು ಹೆಚ್ಚಾಗಿ ಗದ್ದೆಯಲ್ಲಿ ದುಡಿಯುವ ಶ್ರಮಿಕರು, ಅಕ್ಷರದ ಹಂಗಿಲ್ಲದವರು. ಅವರ ಕಂಠದಲ್ಲಿದ್ದ ಸಂಪತ್ತು ಶಾಲೆಯ ಮಕ್ಕಳ ಓದಿಗೆ ಅರ್ಹವೆಂದು ಆ ಕಾಲದಲ್ಲಿ ತೋರಿಸಿದ್ದು ಸಾಹಸದ ಕಾರ್ಯ.

ಒಬ್ಬರ ದುಡಿಮೆಯಿಂದ ಈ ಕ್ಷೇತ್ರ ಫಲಿಸದೆಂಬುದನ್ನು ಅರಿತಿದ್ದ ಮಂಗೇಶರಾಯರು ಸಮಾನಮನಸ್ಕರೊಡನೆ ಕೂಡಿ ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಮಕ್ಕಳ ಪುಸ್ತಕಗಳ ಪ್ರಕಟಣೆಯನ್ನೇ ಧ್ಯೇಯವಾಗಿರಿಸಿಕೊಂಡ ಸಂಸ್ಥೆಗಳಲ್ಲಿ ಕನ್ನಡದ ಮಟ್ಟಿಗೆ ಅದು ಮೊದಮೊದಲಿನದು.

ಪಂಜೆಯವರ ಕೃತಿರಾಶಿ ದೊಡ್ಡದಲ್ಲವೆಂದೂ ಅನೇಕ ಕಥೆಗಳು ಸ್ವತಂತ್ರವಲ್ಲವೆಂದೂ ಹೇಳುವವರುಂಟು. ಎರಡೂ ನಿಜ. ಶಾಲೆ, ತಪಾಸಣೆ, ಸಂಸಾರಗಳ ನಡುವೆ ಬಿಡುವು ದೊರೆತಾಗ ಬರೆದವರಿಂದ ಬೃಹತ್ಕೃತಿಗಳನ್ನು ನಿರೀಕ್ಷಿಸುವಂತಿಲ್ಲ. ಇನ್ನು ಕಥೆಯ ವಿಷಯದಲ್ಲಿ, ಬೀಜ ಎಲ್ಲಿಯದೇ ಆಗಿರಲಿ, ಬೇರು ಬಿಟ್ಟ ಮಣ್ಣು ಯಾವುದೆಂಬುದು ಮುಖ್ಯ. ಆ ಸಸಿಗಳು ಕನ್ನಡದ ಮಣ್ಣಿನಲ್ಲಿ ಬೇರೂರಿ ನೂರು ವರ್ಷ ಕಳೆದರೂ ಬಾಡಿಲ್ಲ.

ಕೊಡಗಿನ ಮುಖ್ಯೋಪಾಧ್ಯಾಯರು

೧೯೨೦ರ ದಶಕದಲ್ಲಿ ಮಂಗೇಶರಾಯರು ಕೊಡಗಿನ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು. ಕೊಡಗು ಆಗ ಮುಖ್ಯ ಕಮಿಷನರರ ಆಡಳಿತಕ್ಕೊಳಪಟ್ಟ ಪ್ರತ್ಯೇಕ ಪ್ರಾಂತ. ಅಲ್ಲಿನ ಮಕ್ಕಳಲ್ಲಿ ಅನೇಕರ ಮನೆಮಾತು ಕೊಡವ ಭಾಷೆ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಮತ್ತೊಂದು ನುಡಿ ಎಂಬ ತಮ್ಮ ಬಾಲ್ಯದ ಸ್ಥಿತಿಯನ್ನೇ ಅವರು ಆ ಮಕ್ಕಳಲ್ಲಿ ಕಂಡರು.

ಹೊರಗಿನಿಂದ ಬಂದ ಅಧಿಕಾರಿಗಳು ಅವಧಿ ಮುಗಿಸಿ ಹೊರಟುಹೋಗುವುದು ಲೋಕರೂಢಿ. ಪಂಜೆಯವರು ಹಾಗಲ್ಲ. ಕೊಡಗಿನ ಬೆಟ್ಟಕಣಿವೆಗಳನ್ನೂ ಕಾವೇರಿಯನ್ನೂ ಅಲ್ಲಿನ ಜನರ ಪರಾಕ್ರಮದ ಪರಂಪರೆಯನ್ನೂ ಮನಸಾರೆ ಮೆಚ್ಚಿ, ಸುಗ್ಗಿಯ ಹಬ್ಬವಾದ ಹುತ್ತರಿಯ ಹೆಸರಿನಲ್ಲಿ ‘ಹುತ್ತರಿ ಹಾಡ’ನ್ನು ರಚಿಸಿದರು. ಕರಾವಳಿಯ ಕೊಂಕಣಿ ಮನೆಯಲ್ಲಿ ಹುಟ್ಟಿದವರೊಬ್ಬರು ಕನ್ನಡದಲ್ಲಿ ಬರೆದ ಆ ಹಾಡನ್ನು ಕೊಡಗಿನ ಜನ ತಮ್ಮ ನಾಡಿನ ಹಾಡೆಂದು ಎತ್ತಿಕೊಂಡರು. ಶಿಕ್ಷಕನೊಬ್ಬನು ತಾನು ದುಡಿದ ನೆಲಕ್ಕೆ ಸಲ್ಲಿಸಬಹುದಾದ ಕಾಣಿಕೆ ಇದಕ್ಕಿಂತ ಮಿಗಿಲಾದುದು ಇರಲಾರದು.

ರಾಯಚೂರಿನ ಮನ್ನಣೆ, ಹೈದರಾಬಾದಿನ ವಿದಾಯ

೧೯೩೪ರಲ್ಲಿ ರಾಯಚೂರಿನಲ್ಲಿ ನೆರೆದ ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಮಂಗೇಶರಾಯರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತಕ್ಕೂ ಉನ್ನತ ಶಿಕ್ಷಣಕ್ಕೂ ಉರ್ದುವೇ ಮಾಧ್ಯಮ. ಕನ್ನಡ ಶಾಲೆಗಳು ವಿರಳವಾಗಿದ್ದುವು. ಕನ್ನಡದ ಅಕ್ಷರಕ್ಕಾಗಿಯೇ ಹಂಬಲಿಸುತ್ತಿದ್ದ ನೆಲದಲ್ಲಿ, ಮಕ್ಕಳಿಗೆ ಅಕ್ಷರದ ರುಚಿ ಹತ್ತಿಸಿದ ಉಪಾಧ್ಯಾಯರು ಅಧ್ಯಕ್ಷಪೀಠವನ್ನೇರಿದುದು ಔಚಿತ್ಯಪೂರ್ಣವಾದ ಸಂಗತಿ. ಬಾಲಸಾಹಿತ್ಯವನ್ನು ಸಾಹಿತ್ಯವೆಂದು ಎಣಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅದು ಒಬ್ಬ ವ್ಯಕ್ತಿಗೆ ಮಾತ್ರ ಸಂದ ಗೌರವವಾಗಿರಲಿಲ್ಲ. ಮಗುವಿನ ಓದಿಗೂ ಸಂದ ಗೌರವವಾಗಿತ್ತು.

ಅದಾಗಿ ಮೂರು ವರ್ಷಗಳಲ್ಲಿ, ೧೯೩೭ರ ಅಕ್ಟೋಬರ್ ತಿಂಗಳಿನಲ್ಲಿ, ಪಂಜೆಯವರು ಹೈದರಾಬಾದಿನಲ್ಲಿ ದೈವಾಧೀನರಾದರು. ಆಗ ಅವರಿಗೆ ಅರುವತ್ತಮೂರು ವರ್ಷ. ಜೀವಿತಕಾಲದಲ್ಲಿ ತಮ್ಮ ಬರಹಗಳನ್ನೆಲ್ಲ ಒಟ್ಟುಗೂಡಿಸಿ ಹೊರತರುವ ಆತುರ ಅವರಿಗಿರಲಿಲ್ಲ. ಪತ್ರಿಕೆಗಳಲ್ಲಿ, ಶಾಲಾ ಪುಸ್ತಕಗಳಲ್ಲಿ ಚೆದುರಿಹೋಗಿದ್ದ ಅವರ ಗದ್ಯಪದ್ಯಗಳು ಸಂಪುಟಗಳಾಗಿ ಓದುಗರ ಕೈಸೇರಿದುದು ಅವರು ತೀರಿಕೊಂಡು ಬಹುಕಾಲವಾದ ಮೇಲೆ. ಅಷ್ಟರವರೆಗೂ ಅವರ ನಿಜವಾದ ಗ್ರಂಥಭಂಡಾರ ಮಕ್ಕಳ ಕಂಠವೇ ಆಗಿತ್ತು.

ಉಳಿದು ಬಂದ ಫಲ

ಪಂಜೆಯವರು ತೆರೆದ ದಾರಿಯಲ್ಲಿ ಮುಂದೆ ಅನೇಕರು ನಡೆದರು. ಮೈಸೂರು ಸೀಮೆಯಲ್ಲಿ ಹೊಯ್ಸಳರೂ ಜಿ. ಪಿ. ರಾಜರತ್ನಂ ಅವರೂ ಶಿಶುಗೀತೆಗಳನ್ನು ಬರೆದು ಮನೆಮಾತಾದರು. ಇಲಿಗಳ ಅದೇ ದಂತಕಥೆಯನ್ನು ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಕನ್ನಡದ ಚಿರನೂತನ ಕವನವನ್ನಾಗಿಸಿದರು. ಕರಾವಳಿಯ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳಿಂದ ಮಕ್ಕಳ ಜ್ಞಾನದಾಹವನ್ನು ತಣಿಸಿದರು.

ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಈ ಸೀಮೆ ಪಂಜೆಯವರ ಕಾಲದಲ್ಲಿ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಕನ್ನಡ ಮಾತನಾಡುವ ಮಕ್ಕಳು ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿ ಬೇರೆ ಬೇರೆ ಪಠ್ಯಪುಸ್ತಕಗಳನ್ನು ಓದುತ್ತಿದ್ದರು. ೧೯೫೬ರ ನವೆಂಬರ್ ೧ರಂದು ನಾಡು ಒಂದಾಗುವ ಎಷ್ಟೋ ವರ್ಷ ಮೊದಲೇ ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರು ಮಡಿಕೇರಿಗಳಲ್ಲಿ ದುಡಿದು, ರಾಯಚೂರಿನಲ್ಲಿ ಮನ್ನಣೆ ಪಡೆದ ಪಂಜೆಯವರು ತಮ್ಮ ಬದುಕಿನಲ್ಲಿಯೇ ಆ ಗಡಿಗಳನ್ನು ದಾಟಿದ್ದರು. ಏಕೀಕರಣಾನಂತರ ಅವರ ಪದ್ಯಗಳು ತುಂಗಭದ್ರೆಯ ದಡದ ಶಾಲೆಗಳಲ್ಲಿಯೂ ನೇತ್ರಾವತಿಯ ದಡದ ಶಾಲೆಗಳಲ್ಲಿಯೂ ಒಂದೇ ರಾಗದಲ್ಲಿ ಕೇಳಿಬಂದುವು.

ಅವರ ಸಮಕಾಲೀನರಾಗಿ ಈ ಭಾಗದಲ್ಲಿ ಬೆಳಗಿದ ಮಹನೀಯರನ್ನೂ ಇಲ್ಲಿ ಸ್ಮರಿಸುವುದು ಯುಕ್ತ. ಶಿಕ್ಷಕರಾಗಿದ್ದ ಗಳಗನಾಥರು ಕಾದಂಬರಿಗಳನ್ನು ಬರೆದು, ಪುಸ್ತಕಗಳನ್ನು ತಾವೇ ಹೊತ್ತು ಮಾರಿ, ವಯಸ್ಕರಲ್ಲಿ ಕನ್ನಡ ಓದಿನ ಹವ್ಯಾಸವನ್ನು ಬೆಳೆಸಿದರು. ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿ, ಮಠಗಳು ಅನ್ನದೊಡನೆ ವಿದ್ಯೆಯನ್ನೂ ದಾಸೋಹವಾಗಿ ನೀಡಬೇಕೆಂಬ ಪ್ರಜ್ಞೆಯನ್ನು ಸಮಾಜದಲ್ಲಿ ಮೂಡಿಸಿದರು. ಒಬ್ಬರು ಓದುಗರನ್ನು, ಒಬ್ಬರು ವಿದ್ಯಾಕೇಂದ್ರಗಳನ್ನು, ಇನ್ನೊಬ್ಬರು ದೂರದ ಕರಾವಳಿಯಲ್ಲಿ ಕುಳಿತು ಮಗುವಿನ ಮನಸ್ಸನ್ನು ಕಟ್ಟಿದರು. ಮೂರೂ ಕೂಡಿದಾಗಲೇ ವಿದ್ಯೆ ಪೂರ್ಣವಾಗುವುದು. ಕಟ್ಟಡ ಎದ್ದು ನಿಂತರೂ, ಪ್ರಸಾದ ನಿಲಯದಲ್ಲಿ ಒಲೆ ಉರಿದರೂ, ಮಗುವಿನ ಕೈಯಲ್ಲಿ ಅದು ತಾನಾಗಿ ತೆರೆಯಬಯಸುವ ಪುಸ್ತಕವೊಂದಿಲ್ಲದಿದ್ದರೆ ವಿದ್ಯಾದಾಸೋಹದ ಪಂಕ್ತಿಯಲ್ಲಿ ಒಂದು ಎಲೆ ಬರಿದಾಗಿಯೇ ಉಳಿಯುತ್ತದೆ.

ಸರಳವಾದ ಮಾತಿನಲ್ಲಿ ಗಹನವಾದುದನ್ನು ಹೇಳುವುದು ಈ ನೆಲಕ್ಕೆ ಹೊಸದಲ್ಲ. ದೋಣಿ ನಡೆಸುತ್ತಲೇ ವಚನ ನುಡಿದ ಅಂಬಿಗರ ಚೌಡಯ್ಯನವರ ನೆನಪನ್ನು ಹೊತ್ತ ಚೌಡಯ್ಯದಾನಪುರ ರಾಣೆಬೆನ್ನೂರು ತಾಲೂಕಿನಲ್ಲಿಯೇ ಇದೆ. ಕನಕದಾಸರ ಕಾಗಿನೆಲೆ ಬ್ಯಾಡಗಿಗೆ ಸಮೀಪ. ಜನರ ಆಡುಮಾತನ್ನು ಕೀಳೆಂದು ಬಗೆಯದೆ ಅದರಲ್ಲಿಯೇ ಬೆಳಕನ್ನು ಕಂಡ ಆ ಪರಂಪರೆಗೂ, ಮಗುವಿನ ತೊದಲು ಕುತೂಹಲವನ್ನು ಕೀಳೆಂದು ಬಗೆಯದ ಪಂಜೆಯವರ ಸಾಧನೆಗೂ ಒಳಗಿಂದೊಳಗೆ ನಂಟುಂಟು.

ಇಂದು ಮಕ್ಕಳ ಮುಂದೆ ಚಿತ್ರಗಳೂ ಆಟಗಳೂ ಯಂತ್ರಗಳ ಮೂಲಕ ಧಾರಾಳವಾಗಿ ಬಂದು ಬೀಳುತ್ತಿವೆ. ಅದ್ಭುತಕ್ಕೆ ಬರವಿಲ್ಲ, ಬರವಿರುವುದು ಆ ಅದ್ಭುತವನ್ನು ಮಗುವಿನ ಸ್ವಂತ ನುಡಿಯಲ್ಲಿ, ಎದುರು ಕುಳಿತು, ಮುಖ ನೋಡಿ ಹೇಳುವವರಿಗೆ. ತರಗತಿಯಲ್ಲಿ ಒಂದು ಕಥೆಗೆ ಬಿಡುವು ಮಾಡಿಕೊಳ್ಳುವ ಗುರುಗಳು, ಶಾಲೆಯ ಗ್ರಂಥಾಲಯಕ್ಕೆ ನಾಲ್ಕು ಮಕ್ಕಳ ಪುಸ್ತಕಗಳನ್ನು ಕೊಡಿಸುವ ದಾನಿಗಳು, ತಾವು ಕಲಿತ ಪದ್ಯವನ್ನು ಮೊಮ್ಮಕ್ಕಳಿಗೆ ಹಾಡಿ ತೋರಿಸುವ ಹಳೆಯ ವಿದ್ಯಾರ್ಥಿಗಳು, ಇವರೆಲ್ಲರೂ ಪಂಜೆಯವರ ಕಾರ್ಯದ ಉತ್ತರಾಧಿಕಾರಿಗಳೇ. ದೊಡ್ಡ ಹೆಸರನ್ನು ಬಯಸದೆ ಕವಿಗಳ ಶಿಷ್ಯನಾಗಿರಲು ಒಪ್ಪಿದ ಆ ಉಪಾಧ್ಯಾಯರು ಕನ್ನಡದ ಅಸಂಖ್ಯ ಮಕ್ಕಳಿಗೆ ಅಕ್ಷರದ ಮೊದಲ ಗುರುವಾದರು. ಅವರ ನೆನಪು ನಮ್ಮ ಶಾಲೆಗಳಲ್ಲಿ ಮಕ್ಕಳ ನಗುವಿನ ರೂಪದಲ್ಲಿ ಉಳಿದು ಬೆಳೆಯಲಿ.